ಹಬೆಯ ಯುಗದ ಸಾಹಸಕಥೆಗಳೂ ನಮ್ಮ ಬಾಲಿಕೆಯರೂ

ನಮ್ಮ ಪಾಠಶಾಲೆಯ ಮೇಲಿನ ತರಗತಿಗಳಲ್ಲಿ ಕೆಲವು ಕಾಲದಿಂದ ಒಂದು ಕೈಬರಹದ ಕಥಾಪುಸ್ತಕವು ಕೈಯಿಂದ ಕೈಗೆ ಸಾಗುತ್ತಲಿರುವುದನ್ನು ಅನೇಕ ತಾಯಿತಂದೆಗಳು ಕಂಡಿರುವರು. ಹಬೆಯಿಂದ ಹಾರುವ ಹಡಗುಗಳು, ಹಲ್ಲುಗಾಲಿಗಳಿಂದ ನಡೆಯುವ ಆನೆಗಳು, ಹಲಸೂರು ಕೆರೆಯ ದಡದಿಂದ ಹೊರಟು ದೇಶಾಂತರಗಳನ್ನು ಸುತ್ತಿ ಬರುವ ಧೀರ ಬಾಲಿಕೆಯರು, ಇಂತಹ ಸಂಗತಿಗಳೇ ಅದರ ತುಂಬ. ಒಬ್ಬಳು ಒಂದು ಅಧ್ಯಾಯವನ್ನು ಬರೆದರೆ ಮತ್ತೊಬ್ಬಳು ಅದನ್ನು ಮುಂದುವರಿಸುವಳು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳು ಓದುವಳು, ಹತ್ತಾರು ಮಂದಿ ಸುತ್ತಲೂ ಕುಳಿತು ಕೇಳುವರು. ಇದು ಯಾವ ಬಗೆಯ ಬರವಣಿಗೆ, ಇದರಿಂದ ಮಕ್ಕಳಿಗೆ ಪ್ರಯೋಜನವೇನು, ಪರೀಕ್ಷೆಗೆ ಓದಬೇಕಾದ ಹೊತ್ತನ್ನು ಇದರಲ್ಲಿ ಕಳೆಯುವುದು ಯುಕ್ತವೆ ಎಂದು ಪೋಷಕರು ನಮ್ಮನ್ನು ಕೇಳುತ್ತಲಿದ್ದಾರೆ. ಕೆಲವರು ಪುಸ್ತಕವನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದುದೂ ಉಂಟು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಉಚಿತವೆಂದು ನಮಗೆ ತೋರಿತು.

ಈ ಕಥೆಗಳ ಸ್ವರೂಪ

ಇಂಗ್ಲಿಷ್ ಓದುಗರು ಈ ಜಾತಿಯ ಕಥೆಯನ್ನು 'ಸ್ಟೀಮ್‌ಪಂಕ್' ಎಂದು ಕರೆಯುತ್ತಾರೆ. ಈ ಹೆಸರನ್ನು ೧೯೮೭ರಲ್ಲಿ ಅಮೆರಿಕದ ಕೆ. ಡಬ್ಲ್ಯು. ಜೀಟರ್ ಎಂಬ ಲೇಖಕರು 'ಲೋಕಸ್' ಎಂಬ ಪತ್ರಿಕೆಗೆ ಬರೆದ ಒಂದು ಕಾಗದದಲ್ಲಿ ಅರ್ಧ ವಿನೋದಕ್ಕಾಗಿ ಬಳಸಿದರು, ಹೆಸರು ನಿಂತುಬಿಟ್ಟಿತು. ಹಿಂದೆ ಹಬೆಯಂತ್ರವು ಲೋಕವನ್ನು ಆಳುತ್ತಿದ್ದ ಒಂದು ಕಾಲವಿತ್ತಷ್ಟೆ. ಆ ಕಾಲದಲ್ಲಿಯೇ, ಆ ಕಾಲದ ಕಬ್ಬಿಣ, ಹಿತ್ತಾಳೆ, ಕಲ್ಲಿದ್ದಲುಗಳಿಂದಲೇ, ಆಗ ಇರದಿದ್ದ ಅದ್ಭುತ ಯಂತ್ರಗಳನ್ನು ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ಬರೆಯುವುದೇ ಈ ಕಥೆಗಳ ಲಕ್ಷಣ. ಸಾಮಾನ್ಯ ವೈಜ್ಞಾನಿಕ ಕಥೆಯು ಮುಂದೆ ಬರುವ ಕಾಲದ ಕಡೆಗೆ ನೋಡುವುದು. ಇದಾದರೋ ಹಿಂದಕ್ಕೆ ತಿರುಗಿ, ಚರಿತ್ರೆಯು ಹಿಡಿಯದೆ ಬಿಟ್ಟ ದಾರಿಯೊಂದನ್ನು ಹಿಡಿದು ನಡೆಯುವುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬ ಗಣಿತಜ್ಞನು ಹಲ್ಲುಗಾಲಿಗಳಿಂದ ಲೆಕ್ಕ ಮಾಡುವ ಯಂತ್ರಗಳನ್ನು ಯೋಚಿಸಿ ನಕ್ಷೆ ಬರೆದನು. ಅವನ್ನು ಪೂರ್ತಿಯಾಗಿ ಕಟ್ಟುವುದು ಅವನ ಜೀವಮಾನದಲ್ಲಿ ಕೈಗೂಡಲಿಲ್ಲ. ಅವನ ಯಂತ್ರಕ್ಕೆ ಕೆಲಸವನ್ನು ಹೇಗೆ ಹೇಳಿಕೊಡಬಹುದೆಂದು ೧೮೪೩ರಲ್ಲಿ ವಿವರಿಸಿ ಬರೆದವಳು ಏಡಾ ಲವ್‌ಲೇಸ್ ಎಂಬ ಮಹಿಳೆ. ೧೯೯೦ರಲ್ಲಿ ವಿಲಿಯಂ ಗಿಬ್ಸನ್, ಬ್ರೂಸ್ ಸ್ಟರ್ಲಿಂಗ್ ಎಂಬಿಬ್ಬರು ಆ ಯಂತ್ರವು ಆಗಲೇ ಸಿದ್ಧಿಸಿದ್ದರೆ ಲೋಕವು ಹೇಗಿರುತ್ತಿತ್ತೆಂಬುದನ್ನು ಕಾದಂಬರಿಯಾಗಿ ಬರೆದರು. ಮರುವರ್ಷವೇ, ಎಂದರೆ ೧೯೯೧ರಲ್ಲಿ, ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಬ್ಯಾಬೇಜನ ನಕ್ಷೆಗಳನ್ನು ಅನುಸರಿಸಿ ಒಂದು ಯಂತ್ರವನ್ನು ಕಟ್ಟಿ ನಡೆಸಿ ತೋರಿಸಿದರು. ಅದು ತಪ್ಪಿಲ್ಲದೆ ಲೆಕ್ಕ ಮಾಡಿತು. ಊಹೆಯು ಬರಿಯ ಹಗಲುಗನಸಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ವಂಶದ ಹಿರಿಯರು

ಹೆಸರು ಹೊಸದಾದರೂ ವಂಶವು ಹಳೆಯದು. ಸಂಸ್ಕೃತದ ಪಂಚತಂತ್ರದಲ್ಲಿ ಒಬ್ಬ ನೇಕಾರನು ತನ್ನ ಬಡಗಿ ಗೆಳೆಯನು ಮಾಡಿಕೊಟ್ಟ ಮರದ ಗರುಡನನ್ನೇರಿ ಅರಮನೆಗೆ ಹಾರುವ ಕಥೆಯುಂಟು. ಆ ಗರುಡನು ಮಂತ್ರದಿಂದ ಹಾರುವುದಿಲ್ಲ. ಬಡಗಿಯು ಅಳವಡಿಸಿದ ಒಂದು ಗೂಟವನ್ನು ತಿರುಗಿಸಿದರೆ ಹಾರುವುದು. ಆ ಗೂಟವು ಇರುವುದರಿಂದಲೇ ಇದು ಯಂತ್ರಕಥೆಯಾಗಿದೆ.

ಹಬೆಯ ಯುಗದ ಕಥೆಗಾರರಲ್ಲಿ ಮುಖ್ಯನು ಫ್ರಾನ್ಸ್ ದೇಶದ ಜೂಲ್ ವೆರ್ನ್. ಅವನ ಕಥೆಗಳಲ್ಲಿ ಹಲವು ಮೊದಲು ಮನೆಮಂದಿಯೆಲ್ಲ ಓದುತ್ತಿದ್ದ ಒಂದು ಪಾಕ್ಷಿಕ ಪತ್ರಿಕೆಯಲ್ಲಿ ಕಂತುಕಂತಾಗಿ ಹೊರಟವು. ೧೮೮೦ರಲ್ಲಿ ಪ್ರಕಟವಾದ ಅವನ 'ಹಬೆಯ ಮನೆ' ಎಂಬ ಕಾದಂಬರಿಯಲ್ಲಿ ಉಕ್ಕಿನ ಆನೆಯೊಂದು ಹೊಟ್ಟೆಯಲ್ಲಿ ಬಾಯ್ಲರನ್ನು ಇಟ್ಟುಕೊಂಡು, ಗಾಲಿಗಳುಳ್ಳ ಎರಡು ಮನೆಗಳನ್ನು ಎಳೆಯುತ್ತ, ಕಲ್ಕತ್ತೆಯಿಂದ ಹಿಮಾಲಯದ ಕಡೆಗೆ ಪ್ರಯಾಣ ಮಾಡುವುದು. ನಮ್ಮ ಬಾಲಿಕೆಯರ ಪುಸ್ತಕದಲ್ಲಿರುವ ಆನೆಗಳಿಗೆ ಈ ಆನೆಯೇ ಹಿರಿಯಜ್ಜ.

ವೆರ್ನನ ಕಥೆಗೂ ನಮ್ಮ ಮೈಸೂರು ಸೀಮೆಗೂ ಇದಕ್ಕಿಂತ ಹತ್ತಿರದ ನಂಟೊಂದು ಇದೆ. ಸಮುದ್ರದಡಿಯ ನೌಕೆಯ ಒಡೆಯನಾದ ಕ್ಯಾಪ್ಟನ್ ನೀಮೋ ಯಾರೆಂಬುದನ್ನು ಮೊದಲನೆಯ ಕಾದಂಬರಿಯಲ್ಲಿ ಹೇಳಿರಲಿಲ್ಲ. ೧೮೭೪–೭೫ರಲ್ಲಿ ಬಂದ 'ರಹಸ್ಯ ದ್ವೀಪ'ದಲ್ಲಿ ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರನೆಂದೂ, ಟಿಪ್ಪು ಸುಲ್ತಾನನ ಸೋದರಸಂಬಂಧದ ಅಳಿಯನೆಂದೂ, ೧೮೫೭ರ ದಂಗೆಯಲ್ಲಿ ಹೋರಾಡಿ ಎಲ್ಲವನ್ನೂ ಕಳೆದುಕೊಂಡು ಕಡಲನ್ನು ಸೇರಿದನೆಂದೂ ತಿಳಿದುಬರುವುದು. ಇದು ಕಲ್ಪನೆಯೇ ಸರಿ. ಆದರೆ ಲೋಕಪ್ರಸಿದ್ಧವಾದ ಈ ಯಂತ್ರಸಾಹಸದ ನಾಯಕನು ಭಾರತೀಯನೆಂಬುದನ್ನು ಓದಿದ ದಿನ ನಮ್ಮ ವಿದ್ಯಾರ್ಥಿನಿಯರ ಮುಖದಲ್ಲಿ ಮೂಡಿದ ಕಳೆಯನ್ನು ಉಪಾಧ್ಯಾಯಿನಿಯರೆಲ್ಲ ಕಂಡರು.

ಟಿಪ್ಪುವಿನ ಹೆಸರು ಬಂದುದರಿಂದ ನಿಜವಾದ ಒಂದು ಯಂತ್ರವನ್ನೂ ಹೇಳಬೇಕು. ಸಿಪಾಯಿಯೊಬ್ಬನ ಮೇಲೆ ಎರಗಿರುವ ಮರದ ಹುಲಿಯೊಂದನ್ನು ೧೭೯೯ರಲ್ಲಿ ಶ್ರೀರಂಗಪಟ್ಟಣದಿಂದ ಕೊಂಡೊಯ್ದರು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಬಿದ್ದವನ ಕೈ ಮೇಲೆದ್ದು, ನರಳುವ ಸ್ವರವೂ ಹುಲಿಯ ಗರ್ಜನೆಯೂ ಹೊರಡುವಂತೆ ಅದನ್ನು ಮಾಡಿದ್ದಾರೆ. ಅದೇ ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಸಾವಿರಕ್ಕಿಂತ ಹೆಚ್ಚಾಗಿ ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಿದನೂರು ಕೋಟೆಯ ಹಾಳುಬಾವಿಯಲ್ಲಿ ದೊರೆತವು. ಇಂತಹ ಸಾಮಗ್ರಿಯು ಕಣ್ಣೆದುರಿಗಿರುವಾಗ ನಮ್ಮ ಮಕ್ಕಳು ಲಂಡನ್ನಿನ ಮಂಜನ್ನೂ ಪ್ಯಾರಿಸಿನ ದೀಪಗಳನ್ನೂ ಎರವಲು ತರಬೇಕಾದ ಅಗತ್ಯವಿಲ್ಲ.

ಒಬ್ಬ ಉಪಾಧ್ಯಾಯಿನಿಯ ಕನಸು

ಈ ಬಗೆಯ ಕಥೆಗಳು ಗಂಡುಮಕ್ಕಳ ಸೊತ್ತೆಂದು ತಿಳಿದವರಿಗೆ ನಾವು ರೊಕಿಯಾ ಸಖಾವತ್ ಹುಸೇನರ ಹೆಸರನ್ನು ಹೇಳುತ್ತೇವೆ. ಬಂಗಾಳದ ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಆಕೆಗೆ ಶಾಲೆಯ ಭಾಗ್ಯವಿರಲಿಲ್ಲ. ಅಣ್ಣನು ರಾತ್ರಿಯ ಹೊತ್ತು ಮೇಣದ ಬತ್ತಿಯ ಬೆಳಕಿನಲ್ಲಿ ಇಂಗ್ಲಿಷನ್ನು ಹೇಳಿಕೊಟ್ಟನು. ಆಕೆ ಬರೆದ 'ಸುಲ್ತಾನಳ ಕನಸು' ಎಂಬ ಇಂಗ್ಲಿಷ್ ಕಥೆಯು ೧೯೦೫ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆಯ ಸಂಪಾದಕಿಯೂ ಒಬ್ಬ ಭಾರತೀಯ ಸ್ತ್ರೀಯೇ, ಕಮಲಾ ಸತ್ಯನಾಥನ್.

ಆ ಕಥೆಯ ನಾಡಿನಲ್ಲಿ ಗಂಡಸರು ಅಂತಃಪುರದಲ್ಲಿರುವರು, ಹೆಂಗಸರು ರಾಜ್ಯವನ್ನು ನಡೆಸುವರು. ಅಲ್ಲಿನ ಒಂದು ಸ್ತ್ರೀ ವಿಶ್ವವಿದ್ಯಾನಿಲಯದವರು ಬಲೂನಿನ ಮೂಲಕ ಆಕಾಶದಿಂದಲೇ ನೀರನ್ನು ಸೆಳೆದುಕೊಳ್ಳುವ ಉಪಾಯವನ್ನು ಕಂಡುಹಿಡಿದರೆ, ಮತ್ತೊಂದರವರು ಸೂರ್ಯನ ಕಾವನ್ನು ಕೂಡಿಡುವ ಉಪಕರಣವನ್ನು ಮಾಡುವರು. ಅಡುಗೆಯೂ ಬಿಸಿಲಿನಿಂದಲೇ, ಶತ್ರುಗಳನ್ನು ಓಡಿಸುವುದೂ ಅದರಿಂದಲೇ. ಪ್ರಯಾಣಕ್ಕೆ ಜಲಜನಕದ ಗೋಳಗಳನ್ನು ಕಟ್ಟಿದ ವಾಯುರಥವು ಸಿದ್ಧವಾಗಿರುವುದು. ಆರು ವರ್ಷಗಳ ತರುವಾಯ, ೧೯೧೧ರಲ್ಲಿ, ಪತಿಯನ್ನು ಕಳೆದುಕೊಂಡಿದ್ದ ಆಕೆ ಕಲ್ಕತ್ತೆಯಲ್ಲಿ ಎಂಟು ಮಂದಿ ಬಾಲಿಕೆಯರೊಡನೆ ಶಾಲೆಯನ್ನು ತೆರೆದರು. ಮೊದಲು ಕಾಗದದ ಮೇಲೆ ಕಟ್ಟಿದ ವಿದ್ಯಾಶಾಲೆಯನ್ನು ಆಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿದರೆಂದು ನಾವು ಭಾವಿಸುತ್ತೇವೆ.

ನಮ್ಮ ಸೀಮೆಯ ಸಾಮಗ್ರಿ

ಈಗ ಮನೆಯ ಹತ್ತಿರಕ್ಕೆ ಬರೋಣ. ಹೊಸ ತಿಪ್ಪಸಂದ್ರದ ಮಕ್ಕಳಿಗೆ ತಲೆಯ ಮೇಲೆ ಹಾರುವ ಯಂತ್ರವು ಹೊಸದಲ್ಲ. ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯು ನೆರೆಯಲ್ಲಿಯೇ ಇದೆ. ಅದರ ವಸ್ತುಸಂಗ್ರಹಾಲಯವು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ನಮ್ಮ ಬಾಲಿಕೆಯರಲ್ಲಿ ಎಷ್ಟೋ ಮಂದಿಯ ತಂದೆ ತಾತಂದಿರು ಅಲ್ಲಿ ದುಡಿದವರು. ಆದರೆ ಅದಕ್ಕೂ ಮುಂಚೆ ಈ ಪ್ರಾಂತವು ಹಬೆಯ ಪ್ರಾಂತವಾಗಿತ್ತು. ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ಉಗಿಬಂಡಿಯು ಬಂದುದು ೧೮೬೪ರಲ್ಲಿ. ಕೃಷ್ಣರಾಜಪುರ, ಬೈಯಪ್ಪನಹಳ್ಳಿಗಳ ಮೇಲೆ ಹಾದು ಬರುವ ಈಗಿನ ರೈಲುದಾರಿಯು ಆ ದಾರಿಯೇ. ಹೆಸರಘಟ್ಟದ ಕೆರೆಯ ನೀರನ್ನು ೧೮೯೦ರ ದಶಕದಲ್ಲಿ ಪಟ್ಟಣಕ್ಕೆ ತಂದಾಗ ಸೋಲದೇವನಹಳ್ಳಿಯಲ್ಲಿ ಅದನ್ನು ಮೇಲಕ್ಕೆ ತಳ್ಳಿದುದು ಹಬೆಯಂತ್ರಗಳು. ಕೋಲಾರದ ಚಿನ್ನದ ಗಣಿಗಳಲ್ಲಿಯೂ ಅದಿರನ್ನು ಎತ್ತಲು, ಕುಟ್ಟಲು ಮೊದಲು ಹಬೆಯೇ ಆಧಾರವಾಗಿತ್ತು.

ಅಲ್ಲಿಗೆ ನಮ್ಮ ಚರಿತ್ರೆಯಲ್ಲಿ ಒಂದು ತಿರುವು ಬಂದಿತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಕೆಲಸವು ಮುಗಿದು, ೧೯೦೨ನೆಯ ಜೂನ್ ೩೦ರಂದು ಕಾವೇರಿಯ ಜಲಪಾತದ ವಿದ್ಯುಚ್ಛಕ್ತಿಯು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಗಣಿಗಳನ್ನು ಮುಟ್ಟಿತು. ೧೯೦೫ನೆಯ ಆಗಸ್ಟ್ ೫ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಉರಿದವು. ಲೋಕದ ಅನೇಕ ಪಟ್ಟಣಗಳು ಹೊಗೆಯಲ್ಲಿಯೇ ಇದ್ದಾಗ ನಮ್ಮ ಸೀಮೆಯು ನೀರಿನ ಬಲದಿಂದ ಮುಂದಕ್ಕೆ ಹೆಜ್ಜೆಯಿಟ್ಟಿತು.

ಒಂದು ವೇಳೆ ಕಾವೇರಿಯ ವಿದ್ಯುತ್ತು ಬಾರದೆ ಇದ್ದಿದ್ದರೆ? ಕನ್ನಡದಲ್ಲಿ ಹಬೆಯ ಯುಗದ ಕಥೆಯನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯು ದೊರಕದೆಂದು ನಾವು ನಮ್ಮ ಬಾಲಿಕೆಯರಿಗೆ ಹೇಳಿಕೊಡುತ್ತೇವೆ. ಆಗ ಗಣಿಯ ಬಾಯ್ಲರುಗಳಿಗೆ ಸೌದೆ ಎಲ್ಲಿಂದ ಬರಬೇಕು? ಯಾವ ಕಾಡುಗಳು ಹೋಗುತ್ತಿದ್ದವು? ಕಲ್ಲಿದ್ದಲು ನಮ್ಮ ಸೀಮೆಯಲ್ಲಿಲ್ಲ. ಅದನ್ನು ಹೊತ್ತು ತರುವ ಬಂಡಿಗಳು ಎಷ್ಟು ಬೇಕು? ಬೆಂಗಳೂರಿನ ಬೀದಿಗಳು ಹೇಗಿರುತ್ತಿದ್ದವು? ಇವಕ್ಕೆ ಉತ್ತರ ಹುಡುಕುವ ಹುಡುಗಿಯು ತನಗೆ ತಿಳಿಯದಂತೆಯೇ ಭೂಗೋಳ, ಚರಿತ್ರೆ, ಪದಾರ್ಥವಿಜ್ಞಾನಗಳ ಪಾಠವನ್ನು ಓದಿರುವಳು.

ಯಂತ್ರದ ನ್ಯಾಯ

ಕಥೆಯಲ್ಲಿ ಯಂತ್ರವು ಸುಳ್ಳಾಗಿರಬಹುದು. ಅದರ ನ್ಯಾಯವು ಸುಳ್ಳಾಗಿರಕೂಡದು. ಒಂದು ಸೇರು ನೀರು ಕುದಿದು ಹಬೆಯಾದರೆ ಬಯಲಿನಲ್ಲಿ ಸುಮಾರು ಸಾವಿರದ ಆರುನೂರು ಸೇರಿನಷ್ಟು ಸ್ಥಳವನ್ನು ಬೇಡುವುದು. ಮುಚ್ಚಿದ ಬಾಯ್ಲರಿನಲ್ಲಿ ಆ ಸ್ಥಳವನ್ನು ಕೊಡದಿದ್ದರೆ ಹಬೆಯು ಒತ್ತುವುದು. ಆ ಒತ್ತಡವನ್ನು ಸಿಲಿಂಡರಿನೊಳಕ್ಕೆ ಬಿಟ್ಟರೆ ಪಿಸ್ಟನ್ನು ಹಿಂದಕ್ಕೂ ಮುಂದಕ್ಕೂ ಚಲಿಸಿ ಗಾಲಿಯನ್ನು ತಿರುಗಿಸುವುದು. ಕೆಲಸ ಮುಗಿಸಿದ ಹಬೆಯನ್ನು ಹೊರಕ್ಕೆ ಬಿಡುವ ಬಂಡಿಯಲ್ಲಿ ಬೆಂಕಿಗೆ ಇದ್ದಲು ಹೇಗೋ ಬಾಯ್ಲರಿಗೆ ನೀರೂ ಹಾಗೆಯೇ ಮತ್ತೆ ಮತ್ತೆ ಬೇಕು. ರೈಲುದಾರಿಯ ಪಕ್ಕದಲ್ಲಿ ಅಲ್ಲಲ್ಲಿ ನೀರಿನ ತೊಟ್ಟಿಗಳನ್ನು ಕಟ್ಟಿದುದು ಇದಕ್ಕಾಗಿಯೇ.

ನೀರು ತಗ್ಗಿದರೆ ಅಪಾಯ. ಆದುದರಿಂದ ಉಗಿಬಂಡಿಯ ಒಲೆಯ ಮೇಲ್ತಟ್ಟಿನಲ್ಲಿ ಸೀಸ ತುಂಬಿದ ಒಂದು ಬಿರಡೆಯನ್ನು ಇಡುತ್ತಿದ್ದರು. ಮೇಲೆ ನೀರಿರುವವರೆಗೆ ಅದು ತಂಪಾಗಿರುವುದು; ನೀರು ತಗ್ಗಿದೊಡನೆ ಸೀಸವು ಕರಗಿ, ಹಬೆಯು ಒಲೆಗೆ ನುಗ್ಗಿ, ಚಾಲಕನಿಗೆ ಎಚ್ಚರಿಕೆ ಕೊಡುವುದು. ಇಷ್ಟನ್ನು ಬಲ್ಲ ಹುಡುಗಿಗೆ ಕಥೆಯ ಕಷ್ಟಕಾಲವು ತಾನಾಗಿಯೇ ದೊರೆಯುವುದು. ಖಳನು ಬಾಗಿಲು ಬಡಿಯಬೇಕಾಗಿಲ್ಲ, ಸಿಡಿಲು ಹೊಡೆಯಬೇಕಾಗಿಲ್ಲ. ಕೋಲಾರದ ಬಯಲಿನಲ್ಲಿ ತೊಟ್ಟಿಯು ಬತ್ತಿದ್ದರೆ ಸಾಕು.

ಹಬೆಯಿಂದ ಹಾರುವುದು ಅಸಾಧ್ಯವೆಂದು ಕೆಲವರು ನಗುವರು. ೧೮೫೨ನೆಯ ಸೆಪ್ಟೆಂಬರ್ ೨೪ರಂದು ಆನ್ರಿ ಜಿಫಾರ್ ಎಂಬಾತನು ಜಲಜನಕ ತುಂಬಿದ ಉದ್ದನೆಯ ಚೀಲಕ್ಕೆ ಮೂರು ಕುದುರೆಬಲದ ಹಬೆಯಂತ್ರವನ್ನು ತೂಗುಹಾಕಿ ಪ್ಯಾರಿಸಿನಿಂದ ಸುಮಾರು ೨೭ ಕಿಲೋಮೀಟರು ಹಾರಿದನು. ಕಿಡಿಯು ಚೀಲಕ್ಕೆ ತಗುಲದಂತೆ ಹೊಗೆಯ ಕೊಳವೆಯನ್ನು ಕೆಳಮುಖವಾಗಿ ಇಟ್ಟಿದ್ದನು. ಗಾಳಿಗೆ ಎದುರಾಗಿ ಹಿಂದಿರುಗುವುದು ಮಾತ್ರ ಅವನಿಂದಾಗಲಿಲ್ಲ, ಯಂತ್ರದ ಬಲವು ಸಾಲದಾಯಿತು. ಈ ಕೆಳಮುಖದ ಕೊಳವೆಯನ್ನು ಬರೆಯುವ ಹುಡುಗಿಯನ್ನು ಓದುಗರು ನಂಬುವರು. "ಅದ್ಭುತ ಶಕ್ತಿಯಿಂದ ಹಾರಿತು" ಎಂದು ಬರೆಯುವವಳನ್ನು ಎರಡನೆಯ ಸಲ ಕೇಳಲಾರರು.

ಕೇಳುವವರ ಪಾಲು

ಈ ಕಥೆಗಳ ನಿಜವಾದ ಶಿಕ್ಷಣವು ಬರೆಯುವುದಕ್ಕಿಂತ ಹೆಚ್ಚಾಗಿ ಹಂಚಿಕೊಳ್ಳುವುದರಲ್ಲಿದೆಯೆಂಬುದು ನಮ್ಮ ದೃಢವಾದ ಅಭಿಪ್ರಾಯ. ಒಬ್ಬಳೇ ಮೂಲೆಯಲ್ಲಿ ಬರೆದರೆ ಯಾವ ಯಂತ್ರವಾದರೂ ನಡೆದೀತು. ಹತ್ತು ಮಂದಿಯ ಮುಂದೆ ಓದಿದಾಗ ಹನ್ನೆರಡು ವರ್ಷದ ಒಬ್ಬಳು ಎದ್ದು, "ಅಕ್ಕಾ, ಅಷ್ಟು ಹೊತ್ತು ಹಾರಲು ನೀರೆಲ್ಲಿತ್ತು?" ಎಂದು ಕೇಳುವಳು. ಬರೆದವಳು ಉತ್ತರ ಕೊಡಬೇಕು. ಇಲ್ಲವೆ ಮರುದಿನ ತಿದ್ದಿಕೊಂಡು ಬರಬೇಕು. ಯಾವ ಉಪಾಧ್ಯಾಯಿನಿಯ ಕೆಂಪು ಶಾಯಿಯೂ ಮಾಡಲಾರದ ಕೆಲಸವನ್ನು ಆ ಪ್ರಶ್ನೆಯು ಮಾಡುವುದು.

ಇದು ನಮ್ಮ ನಾಡಿಗೆ ಪರಕೀಯವಲ್ಲ. ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚಿಸಿದರೆ ಮತ್ತೊಬ್ಬರು ವ್ಯಾಖ್ಯಾನಿಸುವರು. ದಕ್ಷಿಣ ಕನ್ನಡ, ಕಾಸರಗೋಡುಗಳ ತಾಳಮದ್ದಲೆಯಲ್ಲಿ ಒಬ್ಬನ ಕೃಷ್ಣನನ್ನು ಇನ್ನೊಬ್ಬನ ಕರ್ಣನು ಸಭೆಯ ಮುಂದೆಯೇ ಪ್ರಶ್ನಿಸುವನು. ಉತ್ತರವನ್ನು ಆಗಲೇ ಹುಟ್ಟಿಸಬೇಕು. ಕಥೆಯು ಒಬ್ಬರ ಸೊತ್ತಾಗಿ ಉಳಿಯದೆ ಕೂಡಿದವರೆಲ್ಲರ ಕೆಲಸವಾಗುವುದನ್ನು ನಮ್ಮವರು ಬಹುಕಾಲದಿಂದ ಬಲ್ಲರು. ಅತ್ತ ಅಮೆರಿಕದಲ್ಲಿ ೧೯೨೬ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ಸಂಪಾದಕನು ವೈಜ್ಞಾನಿಕ ಕಥೆಗಳಿಗಾಗಿಯೇ ಒಂದು ಪತ್ರಿಕೆಯನ್ನು ತೆರೆದು, ಅದರಲ್ಲಿ ಓದುಗರ ಕಾಗದಗಳನ್ನು ವಿಳಾಸಸಹಿತವಾಗಿ ಅಚ್ಚುಹಾಕಿಸಿದನು. ಓದುಗರು ಪರಸ್ಪರ ಬರೆದುಕೊಂಡರು, ಸಂಘಗಳನ್ನು ಕಟ್ಟಿದರು, ೧೯೩೦ರ ವೇಳೆಗೆ ತಮ್ಮವೇ ಆದ ಸಣ್ಣ ಪತ್ರಿಕೆಗಳನ್ನು ಹೊರಡಿಸತೊಡಗಿದರು. ಅಭಿಮಾನಿಗಳ ಬಳಗವೆಂದು ಈಗ ಹೇಳುವುದರ ಬೇರು ಇಲ್ಲಿದೆ. ೨೦೧೨ರಲ್ಲಿ ಬೆಂಗಳೂರಿನಲ್ಲಿಯೂ ಆರಂಭವಾದ ಕಾಮಿಕ್ ಕಾನ್ ಮೇಳಕ್ಕೆ ತರುಣ ತರುಣಿಯರು ಕಥಾಪಾತ್ರಗಳ ಉಡುಪಿನಲ್ಲಿ ಹೋಗುವುದು ಅದೇ ಬಳಗದ ಹಬ್ಬ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗೆ ಓದುಗರನ್ನು ದೊರಕಿಸಿದವರಲ್ಲಿ ಪ್ರಮುಖರು. ಕೃಷಿ ವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ಚರಿತ್ರೆಯನ್ನು ಸಾಹಸಕಥೆಯೊಡನೆ ಬೆರೆಸಿ, ತಾವು ಆಧರಿಸಿದ ಸಂಗತಿಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವ ಪದ್ಧತಿಯನ್ನು ತಂದರು. ಎಲ್ಲಿಯವರೆಗೆ ನಿಜ, ಎಲ್ಲಿಂದ ಕಲ್ಪನೆ ಎಂಬುದನ್ನು ಓದುಗರಿಗೆ ತಿಳಿಸುವ ಆ ಪ್ರಾಮಾಣಿಕತೆಯನ್ನು ನಮ್ಮ ಬಾಲಿಕೆಯರೂ ಕಲಿಯಬೇಕೆಂದು, ಪ್ರತಿಯೊಂದು ಅಧ್ಯಾಯದ ಕೊನೆಗೆ "ಇದರಲ್ಲಿ ನಡೆದುದು" "ಇದರಲ್ಲಿ ಕಲ್ಪಿಸಿದುದು" ಎಂಬ ಎರಡು ಸಾಲುಗಳನ್ನು ಬರೆಯಿಸುತ್ತೇವೆ.

ಪುಸ್ತಕಕ್ಕೆ ಇನ್ನೂ ಕೆಲವು ನಿಯಮಗಳುಂಟು. ಬರೆದವಳ ಹೆಸರು ಅಧ್ಯಾಯದ ತಲೆಯಲ್ಲಿ ಇರಬೇಕು. ಒಬ್ಬಳು ಹುಟ್ಟಿಸಿದ ಪಾತ್ರವನ್ನು ಅವಳನ್ನು ಕೇಳದೆ ಮತ್ತೊಬ್ಬಳು ಕೊಲ್ಲಕೂಡದು. ಎಡದ ಪುಟವನ್ನು ಓದುಗರ ಪ್ರಶ್ನೆಗಳಿಗಾಗಿ ಖಾಲಿ ಬಿಡಬೇಕು. ಟೀಕೆಯು ಬರಹದ ಮೇಲಿರಬೇಕು, ಬರೆದವಳ ಮೇಲಲ್ಲ. ಕಾಗುಣಿತದ ತಪ್ಪನ್ನು ಕಂಡು ನಗುವವಳು ಮುಂದಿನ ಅಧ್ಯಾಯವನ್ನು ತಾನೇ ಬರೆಯಬೇಕು. ಈ ಕೊನೆಯ ನಿಯಮವನ್ನು ಮಾಡಿದವರು ವಿದ್ಯಾರ್ಥಿನಿಯರೇ. ಅದು ಬಂದಮೇಲೆ ನಗುವು ಬಹಳವಾಗಿ ಕಡಿಮೆಯಾಗಿದೆ.

ಯಂತ್ರವನ್ನು ನಡೆಸಿದವರು ಯಾರು?

"ಯಂತ್ರವು ಹೇಗೆ ನಡೆಯಿತು?" ಎಂಬುದು ಮೊದಲನೆಯ ಪ್ರಶ್ನೆಯಾದರೆ "ಯಾರು ನಡೆಸಿದರು?" ಎಂಬುದು ಎರಡನೆಯದು, ಇದು ಮೊದಲನೆಯದಕ್ಕಿಂತ ಕಷ್ಟವಾದುದು. ಹಬೆಯ ಯುಗದ ಹಿತ್ತಾಳೆಯು ಹೊಳೆಯುವುದು; ಉಡುಪುಗಳು ಅಂದವಾಗಿವೆ; ಆದರೆ ಆ ಯುಗವು ನಮ್ಮ ದೇಶಕ್ಕೆ ಪರಾಧೀನತೆಯ ಯುಗವೂ ಆಗಿತ್ತು. ಬೆಂಗಳೂರಿಗೆ ರೈಲು ಬಂದು ಹನ್ನೆರಡು ವರ್ಷಗಳಾದ ಮೇಲೆಯೇ ೧೮೭೬–೭೮ರ ಘೋರ ಕ್ಷಾಮವು ಬಂದಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ೫೦ ಲಕ್ಷ ಜನರಿದ್ದರು. ೧೮೮೧ರಲ್ಲಿ ಉಳಿದವರು ಸುಮಾರು ೪೨ ಲಕ್ಷ. ಯಂತ್ರವಿದ್ದ ಮಾತ್ರಕ್ಕೆ ಅನ್ನವು ಹಸಿದವರ ಬಾಯನ್ನು ಮುಟ್ಟುವುದಿಲ್ಲವೆಂಬುದನ್ನು ಈ ಎರಡು ಅಂಕೆಗಳು ಯಾವ ಪ್ರಬಂಧಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತವೆ.

ನಮ್ಮ ಪುಸ್ತಕದ ಒಂದು ಕಥೆಯಲ್ಲಿ ೧೮೯೮ರ ಪ್ಲೇಗಿನ ಕಾಲದ ಬೆಂಗಳೂರು ಬಂದಿದೆ. ಕಥಾನಾಯಿಕೆಯು ಹಬೆಯ ರಥವನ್ನೇರಿ ದಂಡಿನ ಬೀದಿಗಳಲ್ಲಿ ಔಷಧಗಳನ್ನು ಹಂಚುವಳು. ಮೂರು ಅಧ್ಯಾಯಗಳವರೆಗೆ ರಥವು ಮಿಂಚಿನಂತೆ ಓಡಿತು. ಓದು ಮುಗಿದಾಗ ಒಬ್ಬಳು, "ಇವಳು ಮುಂದೆ ಕುಳಿತು ರಥ ಹೊಡೆಯುತ್ತಾಳೆ, ಸರಿ. ಹಿಂದೆ ಒಲೆಗೆ ಸೌದೆ ಹಾಕುತ್ತಿರುವವರು ಯಾರು?" ಎಂದು ಕೇಳಿದಳು. ಕೇಳಿದವಳ ಮುತ್ತಾತನು ಕೋಲಾರದ ಗಣಿಯಲ್ಲಿ ದುಡಿದವನು. ಸುಮಾರು ಮೂರು ಕಿಲೋಮೀಟರು ಆಳಕ್ಕೆ ಇಳಿದಿದ್ದ ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಆ ಪ್ರಶ್ನೆಗೆ ಯಾರೂ ಸದ್ದೆತ್ತಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ರಥದ ಹಿಂಬದಿಗೆ ಒಬ್ಬ ಹೆಂಗಸು ಬಂದಳು. ಅವಳಿಗೆ ಹೆಸರು ಬಂದಿತು, ಊರು ಬಂದಿತು, ಸುಟ್ಟ ಕೈಗಳು ಬಂದವು, ಕೂಲಿಯ ವಿಷಯವಾಗಿ ಖಚಿತವಾದ ಅಭಿಪ್ರಾಯವೂ ಬಂದಿತು. ಐದನೆಯ ಅಧ್ಯಾಯದಲ್ಲಿ ಅವಳು ಕೆಲಸವನ್ನು ನಿಲ್ಲಿಸಿದಳು. ರಥವು ಹಲಸೂರಿನ ಬೀದಿಯಲ್ಲಿ ನಿಂತುಹೋಯಿತು. ಕಥೆಯು ನಿಜವಾಗಿ ಆರಂಭವಾದುದು ಅಲ್ಲಿಂದಲೇ ಎಂದು ಕೇಳಿದವರೆಲ್ಲರೂ ಒಪ್ಪುವರು.

ಪೋಷಕರ ಸಂದೇಹಗಳು

ಪರೀಕ್ಷೆಗೆ ಕುಂದಾಗದೆ ಎಂಬ ಸಂದೇಹವು ಮೊದಲನೆಯದು. ಹತ್ತನೆಯ ತರಗತಿಯವರು ಕಡೆಯ ಮೂರು ತಿಂಗಳು ಪುಸ್ತಕವನ್ನು ಮುಟ್ಟಬಾರದೆಂದು ನಾವು ಗೊತ್ತು ಮಾಡಿದ್ದೇವೆ. ಉಳಿದ ದಿನಗಳಲ್ಲಿ ವಾರಕ್ಕೆ ಒಂದು ಗಂಟೆ ಸಾಕು. ಆ ಒಂದು ಗಂಟೆಗಾಗಿ ಅವರು ವಾಚನಾಲಯದಲ್ಲಿ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ತೆರೆದು ಕುಳಿತಿರುವುದನ್ನು ಕಂಡರೆ ಪೋಷಕರು ಬೀರುವಿನ ಬೀಗವನ್ನು ತಾವಾಗಿಯೇ ತೆಗೆಯುವರು.

ಮತ್ತೊಬ್ಬರ ಪಾತ್ರಗಳನ್ನು ತೆಗೆದುಕೊಂಡು ಬರೆಯುವುದು ಕಳ್ಳತನವಲ್ಲವೆ ಎಂಬುದು ಎರಡನೆಯದು. ನಮ್ಮ ದೇಶದ ಕಾನೂನಿನಂತೆ ಗ್ರಂಥದ ಹಕ್ಕು ಲೇಖಕನ ಜೀವಮಾನವೂ, ಅವನು ಗತಿಸಿದ ವರ್ಷದ ತರುವಾಯ ೬೦ ವರ್ಷಗಳೂ ಇರುವುದು. ವೆರ್ನನು ೧೯೦೫ರಲ್ಲಿಯೂ ರೊಕಿಯಾ ಅವರು ೧೯೩೨ರಲ್ಲಿಯೂ ಗತಿಸಿದರು. ಆದುದರಿಂದ ನೀಮೋವಿನ ನೌಕೆಯನ್ನು ಹತ್ತಲು ಯಾರ ಅಪ್ಪಣೆಯೂ ಬೇಡ. ಈಗಿನ ಲೇಖಕರ ಪಾತ್ರಗಳನ್ನು ಮಾತ್ರ ಅನುಮತಿಯಿಲ್ಲದೆ ಅಚ್ಚಿಗೆ ಕೊಡಲಾಗದೆಂದು ಮಕ್ಕಳಿಗೆ ತಿಳಿಸಿದ್ದೇವೆ.

ಹೆಣ್ಣುಮಕ್ಕಳಿಗೆ ಇಷ್ಟು ಸಾಹಸದ ಹುಚ್ಚೇಕೆ ಎಂಬುದು ಮೂರನೆಯದು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡಿರುವವರು ಹೆಚ್ಚು. ಇದಕ್ಕೆ ನಾವು ವಾದದಿಂದ ಉತ್ತರ ಕೊಡುವುದಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಬಂದು, ಹಿಂದಿನ ಬೆಂಚಿನ ಮೇಲೆ ಕುಳಿತು, ತಮ್ಮ ಮಗಳು ಓದುವುದನ್ನು ಕೇಳಿರೆಂದು ಬಿನ್ನವಿಸುತ್ತೇವೆ. ಮನೆಯಲ್ಲಿ ನಾಲ್ಕು ಮಾತು ಆಡದವಳು ಇಪ್ಪತ್ತು ಮಂದಿಯ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡುವುದನ್ನು ತಾವು ಕಾಣುವಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಬಿನ್ನಹ

ಕಡೆಯದಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಒಂದು ಸಹಾಯಕ್ಕಾಗಿ ಕೇಳುತ್ತೇವೆ. ಹಬೆಯಂತ್ರದ ಭಾಷೆಯನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲಿದ್ದಾರೆ. ತಮ್ಮಲ್ಲಿ ಯಾರ ತಂದೆಯಾದರೂ ತಾತನಾದರೂ ಉಗಿಬಂಡಿಯನ್ನು ನಡೆಸಿದ್ದರೆ, ಬೆಂಕಿ ಹಾಕಿದ್ದರೆ, ಕಾರ್ಖಾನೆಯ ಬಾಯ್ಲರನ್ನು ಕಾದಿದ್ದರೆ, ಗಣಿಗೆ ಇಳಿದಿದ್ದರೆ, ಅವರು ಉಪಕರಣಗಳಿಗೆ ಯಾವ ಹೆಸರುಗಳನ್ನು ಬಳಸುತ್ತಿದ್ದರು, ರಾತ್ರಿಯ ಪಾಳಿಯಲ್ಲಿ ಏನನ್ನು ಉಣ್ಣುತ್ತಿದ್ದರು, ಅಪಾಯ ಬಂದಾಗ ಏನು ಮಾಡುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಕನ್ನಡ, ತಮಿಳು, ತೆಲುಗು, ಉರ್ದು, ಯಾವ ಮಾತಾದರೂ ಸರಿಯೆ; ದಂಡಿನ ಪ್ರದೇಶದ ಕಾರ್ಮಿಕರು ಈ ಎಲ್ಲ ಮಾತುಗಳಲ್ಲಿಯೂ ಯಂತ್ರಗಳನ್ನು ಬೈದವರೇ, ಮುದ್ದಿಸಿದವರೇ.

ಬಂದ ಹಾಳೆಗಳನ್ನು ಕಥಾಪುಸ್ತಕದ ಎಡದ ಪುಟಗಳಲ್ಲಿ ಅಂಟಿಸುವೆವು. ಪುಸ್ತಕವು ಮುಖ್ಯೋಪಾಧ್ಯಾಯಿನಿಯ ಕೊಠಡಿಯಲ್ಲಿ ಇರುವುದಿಲ್ಲ. ಯಾವಾಗಲೂ ಯಾರದೋ ಚೀಲದಲ್ಲಿ ಇರುವುದು. ತಾವು ಶಾಲೆಗೆ ಬಂದಾಗ ಈಗ ಅದು ಯಾರ ಬಳಿಯಿದೆಯೆಂದು ಮಕ್ಕಳನ್ನೇ ಕೇಳಿದರೆ ತಂದು ಕೊಡುವರು.